ಹಸಿ ಬಣ್ಣದ ಹಣೆಗೆ ಕುಂಕುಮ

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಲೆಕ್ಕ ಬರುವುದಿಲ್ಲ, ನನಗೆ ಕೂರುವುದು ಬರುವುದಿಲ್ಲ, ಅಷ್ಟೆ. ದೇವರ ಮುಂದೆ ಕೂತರೆ ಬತ್ತಿ ಹೊಸೆಯುತ್ತೇನೆ. ಟೀವಿ ಮುಂದೆ ಕೂತರೆ ಸೊಪ್ಪು ಬಿಡಿಸುತ್ತೇನೆ. ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತೋ, ನಿಂತಿರುವ ಯಾರದಾದರೂ ಮಗುವನ್ನು, ಮಗು ಇಲ್ಲದಿದ್ದರೆ ಬ್ಯಾಗನ್ನು, ಕೇಳಿ ಈಸಿಕೊಂಡು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ತೊಡೆ ಖಾಲಿ ಇದ್ದರೆ ಮನೆಗೆ ಬೀಗ ಹಾಕದೆ ಬಂದೆನೇನೋ ಅನ್ನಿಸುತ್ತದೆ. ಇಂಥವಳನ್ನು ಗೋಡೆಗೆ ಹೊಡೆದ ಮೊಳೆಯ ಹಾಗೆ ಒಂದೇ ಕಡೆ ಕೂರಿಸುತ್ತಾರೆ ಎಂಬ ಸುದ್ದಿ ಬಂದಾಗ ನಾನು ಹಿತಕಿದ ಬೇಳೆ ಮಾಡುತ್ತಿದ್ದೆ. ನೆನೆಸಿದ ಅವರೆಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಹಿತಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಬಟ್ಟಲಿಗೆ ಹಾರಬೇಕು. ಹಾರುವುದೇನೋ ಹಾರುತ್ತದೆ, ಬಟ್ಟಲಿಗೇ ಹಾರುತ್ತದೆ ಎಂದು ಹೇಳಲಾರೆ. ಅವರೆ ಕಾಲ ಮುಗಿದ ಮೇಲೂ ನಮ್ಮ ಫ್ರಿಜ್ಜಿನ ಹಿಂದೆ ಗುಡಿಸಿದರೆ ಒಂದು ಸಾರಿಗಾಗುವಷ್ಟು ಸಿಗುತ್ತದೆ.

ಆ ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರು ಚಿತ್ರಕಲೆ ಕ್ಲಾಸಿನಿಂದ ಬಂದರು. ಕಂಕುಳಲ್ಲಿ ಪೇಪರು ಸುತ್ತಿದ ದೊಡ್ಡ ಚೌಕಟ್ಟು. ಚಪ್ಪಲಿ ಬಿಡುತ್ತಲೇ ಹೇಳಿದರು, "ಗಿರಿಜಾ, ಈ ಸಲ ನಿನ್ನ ಚಿತ್ರ ಬರೀಬೇಕಂತೆ."

"ನನ್ನದೇನು ಬರೆಯೋದು? ದೇವರದ್ದು ಬರೀರಿ, ಪುಣ್ಯನಾದ್ರೂ ಬರುತ್ತೆ."

"ದೇವರು ಬಂದು ಎದುರಿಗೆ ಕೂರಲ್ವಲ್ಲೇ. ಮೇಷ್ಟ್ರು ಮನುಷ್ಯರನ್ನ ಕೂರಿಸ್ಕೊಂಡೇ ಬರೀಬೇಕು ಅಂದಿದ್ದಾರೆ. ಫೋಟೋ ನೋಡ್ಕೊಂಡು ಬರೆದ್ರೆ ಕ್ಲಾಸಿಗೆ ಬರಬೇಡಿ ಅಂದ್ರು."

"ಎಷ್ಟು ಹೊತ್ತು ಕೂರಬೇಕು?"

"ಬೆಳಗ್ಗೆ ಒಂದೊಂದು ಗಂಟೆ. ಯುಗಾದಿ ತನಕ."

ನನ್ನ ಕೈಯಲ್ಲಿದ್ದ ಬೇಳೆ ಹಾರಿ ಅವರ ಕನ್ನಡಕಕ್ಕೆ ತಗುಲಿತು.

ಆದರೂ ಒಪ್ಪಿದೆ. ಯಾಕೆ ಒಪ್ಪಿದೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇವರು ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿ ರಿಟೈರಾದವರು. ಕೂದಲಿನ ದಪ್ಪವನ್ನೂ ಹತ್ತು ಭಾಗ ಮಾಡಿ, ಅದರಲ್ಲಿ ಒಂದು ಭಾಗ ಹೆಚ್ಚಾಯಿತು ಎಂದು ಪೀಸನ್ನು ವಾಪಸ್ ಕಳಿಸುವ ಕೆಲಸ. ರಿಟೈರಾದ ಮರುವರ್ಷವೇ ಎದೆನೋವು ಬಂತು. ಆ ದಿನ ದೇವರು ನಮಗೆ ಮಾಡಿದ ಉಪಕಾರವನ್ನು ನಾನು ಈಗಲೂ ಕೂತು ಎಣಿಸುತ್ತೇನೆ (ಬತ್ತಿ ಹೊಸೆಯುತ್ತಾ). ನೋವು ಬಂದಾಗ ಅವರು ರಿಂಗ್ ರೋಡಿನಲ್ಲಿ ಸ್ಕೂಟರ್ ಮೇಲಿರಲಿಲ್ಲ, ಮನೆಯಲ್ಲಿ ಉಪ್ಪಿಟ್ಟಿನ ಮುಂದೆ ಇದ್ದರು. ಮೇಲಿನ ಬಾಡಿಗೆ ಮನೆಯ ಶಾಂತವ್ವನ ಗಂಡನಿಗೆ ಆ ವಾರ ಸೆಕೆಂಡ್ ಶಿಫ್ಟು, ಹಾಗಾಗಿ ಬೆಳಗ್ಗೆ ಮನೆಯಲ್ಲಿದ್ದ, ಓಡಿಹೋಗಿ ಆಟೋ ತಂದ. ಜಾಮ್ ಇತ್ತು, ಆದರೆ ಎದುರು ಬದಿಯಲ್ಲಿ ಇತ್ತು. ಡಾಕ್ಟರು ಊಟಕ್ಕೆ ಹೋಗಿರಲಿಲ್ಲ. ಒಂದೊಂದಕ್ಕೂ ಒಂದೊಂದು ತುಪ್ಪದ ದೀಪ ಹಚ್ಚಿದ್ದೇನೆ, ಎದುರು ಬದಿಯ ಜಾಮಿಗೂ ಸೇರಿಸಿ.

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ಡಾಕ್ಟರು ಭಾರ ಎತ್ತಬೇಡಿ, ಸಿಟ್ಟು ಮಾಡ್ಕೋಬೇಡಿ, ಮನಸ್ಸಿಗೆ ಏನಾದರೂ ಕೆಲಸ ಕೊಡಿ ಅಂದಿದ್ದರು. ಇವರು ಮನಸ್ಸಿಗೆ ಕೊಟ್ಟ ಕೆಲಸ ಯಾವುದೆಂದರೆ, ಹಾಲಿನ ಕುರ್ಚಿಯಲ್ಲಿ ಕೂತು, ಎಡಗೈ ನಾಡಿಯನ್ನು ಬಲಗೈಯಲ್ಲಿ ಹಿಡಿದು, ಎದುರಿನ ಗೋಡೆ ಗಡಿಯಾರ ನೋಡುತ್ತಾ ಎದೆಬಡಿತ ಎಣಿಸುವುದು. "ಎಪ್ಪತ್ತಾರು" ಅನ್ನೋರು. ಸ್ವಲ್ಪ ಹೊತ್ತಿಗೆ "ಎಪ್ಪತ್ತೊಂಬತ್ತು" ಅನ್ನೋರು, ಕ್ರಿಕೆಟ್ ಸ್ಕೋರು ಹೇಳುವ ಹಾಗೆ. ನಾನು ಕಾಫಿ ತಂದುಕೊಟ್ಟರೆ, "ಎಂಬತ್ತನಾಲ್ಕು. ಕಾಫಿಯಿಂದಲೋ ನಿನ್ನಿಂದಲೋ ಗೊತ್ತಾಗ್ತಿಲ್ಲ" ಅನ್ನೋರು. ನಗು ಬರುತ್ತಿತ್ತು, ಆದರೆ ಅಡುಗೆಮನೆಗೆ ಬಂದ ಮೇಲೆ ಅಳುವೂ ಬರುತ್ತಿತ್ತು. ಆ ಕೈ ನಾಡಿ ಬಿಟ್ಟು ಬೇರೆ ಏನನ್ನಾದರೂ ಹಿಡಿಯಲಿ ದೇವರೇ ಎಂದು ನಾನು ಕೇಳದ ದೇವರಿಲ್ಲ. ತುಮಕೂರಿನಲ್ಲಿರುವ ಮಗಳು ಬಂದವಳು ಇದನ್ನು ನೋಡಿ, ನಮ್ಮ ಲಗ್ಗೆರೆಯಲ್ಲೇ ಎಲೆಕ್ಟ್ರಿಕಲ್ ಅಂಗಡಿಯ ಮೇಲೆ ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ನಡೆಸುವ ಕ್ಲಾಸಿಗೆ ಅಪ್ಪನನ್ನು ಸೇರಿಸಿ ಹೋದಳು. ಮೊದಲು ಸೇಬು ಬರೆದರು, ಆಮೇಲೆ ಬಕೀಟು ಬರೆದರು, ಆಮೇಲೆ ನನ್ನ ತಾಮ್ರದ ಚೊಂಬು. ನಾನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೊಳೆಯದಷ್ಟು ಆ ಚೊಂಬು ಕಾಗದದ ಮೇಲೆ ಹೊಳೆಯಿತು. ನನಗೆ ಹೊಳಪಿಗಿಂತ ಸಂತೋಷವಾದದ್ದು ಬೇರೆ. ಪೆನ್ಸಿಲ್ ಹಿಡಿದ ಕೈ ನಾಡಿ ಹಿಡಿಯಲಾರದು. ಆದ್ದರಿಂದ ಯುಗಾದಿ ತನಕ ಏನು, ದೀಪಾವಳಿ ತನಕ ಕೂರು ಅಂದಿದ್ದರೂ ಕೂರುತ್ತಿದ್ದೆ.

ಈ ಮೇಷ್ಟ್ರು ಹೇಳಿಕೊಡುವುದು ಹಳೇ ಅರಮನೆ ಕಾಲದ ಪದ್ಧತಿ. ಮನುಷ್ಯ ಹೇಗಿದ್ದಾನೋ ಹಾಗೇ ಕಾಣಬೇಕು, ಕೈ ಮುಟ್ಟಿದರೆ ಚರ್ಮ ಬೆಚ್ಚಗಿರಬಹುದು ಅನ್ನಿಸಬೇಕು. ಅದಕ್ಕೆ ಎಣ್ಣೆ ಬಣ್ಣವನ್ನು ಪದರ ಪದರವಾಗಿ ಹಚ್ಚಿ, ಒಂದು ಒಣಗಿದ ಮೇಲೆ ಇನ್ನೊಂದು, ತಿಂಗಳುಗಟ್ಟಲೆ ಕಾಯಬೇಕಂತೆ. ಬೆಳಕು ಉತ್ತರದ ಕಿಟಕಿಯಿಂದಲೇ ಬರಬೇಕಂತೆ, ಯಾಕೆಂದರೆ ಆ ಬೆಳಕು ಗಂಟೆಗೊಂದು ಥರ ಬದಲಾಗುವುದಿಲ್ಲ. ಇಲ್ಲಿ ಒಂದು ತೊಡಕು ಬಂತು. ಲಗ್ಗೆರೆಯ ಮನೆಗಳು ನಿಮಗೆ ಗೊತ್ತಿರಬಹುದು, ನಮ್ಮ ಗೋಡೆಗೂ ಪಕ್ಕದವರ ಗೋಡೆಗೂ ನಡುವೆ ಪೊರಕೆ ಇಡುವಷ್ಟೂ ಜಾಗವಿಲ್ಲ. ಇಡೀ ಮನೆಯಲ್ಲಿ ಉತ್ತರಕ್ಕೆ ಇರುವುದು ಒಂದೇ ಕಿಟಕಿ. ವಾಸ್ತು ನೋಡಿ, ಈಶಾನ್ಯದ ದೇವರ ಮೂಲೆಗೆ ಬೆಳಕು ಬರಲಿ ಎಂದು ನಾನೇ ಹಟ ಹಿಡಿದು ಇಡಿಸಿದ್ದು. ಅಲ್ಲಿಗೆ ಇವರ ಮೂರು ಕಾಲಿನ ಸ್ಟ್ಯಾಂಡು ದೇವರ ಮೂಲೆಯಲ್ಲಿ, ಮಂಜುನಾಥಸ್ವಾಮಿಯ ಪಟಕ್ಕೂ ಲಕ್ಷ್ಮಿಯ ಪಟಕ್ಕೂ ಪಕ್ಕದಲ್ಲಿ ನಿಂತಿತು. ಊದುಬತ್ತಿಯ ವಾಸನೆಯೂ ಟರ್ಪೆಂಟೈನ್ ವಾಸನೆಯೂ ಒಂದಾದವು. ಕೂರುವುದು ಹೇಗೆ ಎನ್ನುವುದಕ್ಕೇ ಅರ್ಧ ದಿನ ಆಯಿತು. ಇವರು ಹೇಳಿದ ಕಡೆ ಕೂತರೆ ದೇವರಿಗೆ ಬೆನ್ನು ಬೀಳುತ್ತದೆ, ನಾನು ಹೇಳಿದ ಕಡೆ ಕೂತರೆ ಮೂಗಿನ ನೆರಳು ಕೆನ್ನೆಗೆ ಬೀಳುತ್ತದೆ. ಕೊನೆಗೆ ದೇವರಿಗೂ ಬೇಸರವಾಗದ, ಮೂಗಿಗೂ ಬೇಸರವಾಗದ ಒಂದು ಓರೆ ಕಂಡುಹಿಡಿದು ಸ್ಟೂಲಿನ ಕಾಲಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿದರು. ನಾನು ಬೆಳಗ್ಗೆ ನೆಲ ಒರೆಸುವಾಗ ಆ ಗುರುತು ಬಿಟ್ಟು ಒರೆಸಬೇಕೆಂದು ಅಪ್ಪಣೆಯಾಯಿತು.

ಎಲ್ಲರೂ ಕಣ್ಣಳತೆಯಲ್ಲಿ, ಹೆಚ್ಚೆಂದರೆ ಪೆನ್ಸಿಲ್ ಚಾಚಿ ಅಳತೆ ನೋಡುತ್ತಾರಂತೆ. ನಮ್ಮವರು ಬೀರುವಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ಟೂಲ್ ರೂಮಿನವರು ಬೀಳ್ಕೊಡುವಾಗ ಕೊಟ್ಟ ಉಡುಗೊರೆ ಅದು, ಹಲ್ಲಿರುವ ಉಕ್ಕಿನ ಇಕ್ಕಳದ ಹಾಗಿದೆ. ಚಳಿಗಾಲದ ಬೆಳಗ್ಗೆ ಆ ಉಕ್ಕು ಮೂಗಿನ ಎರಡೂ ಕಡೆ ತಗುಲಿದಾಗ ನನಗೆ ನನ್ನ ತವರು ಮನೆಯವರೆಲ್ಲ ನೆನಪಾದರು. ಇವರು ಅಳೆಯುತ್ತಾ ಹೋದರು, ಮುಖ ಗಂಭೀರವಾಗುತ್ತಾ ಹೋಯಿತು.

"ಬಲಗಣ್ಣು ಎಡಗಣ್ಣಿಗಿಂತ ಎರಡು ಮಿಲ್ಲಿ ಕೆಳಗಿದೆ."

"ಅದಕ್ಕೆ?"

"ಅದಕ್ಕೇನಿಲ್ಲ. ಹೇಳ್ದೆ."

"ವಾಪಸ್ ಕಳಿಸ್ತೀರಾ?"

"ವಾರಂಟಿ ಮುಗಿದು ಬಹಳ ವರ್ಷ ಆಯ್ತು."

ಆಸ್ಪತ್ರೆಯಿಂದ ಬಂದ ಮೇಲೆ ಇವರು ಆಡಿದ ಮೊದಲ ತಮಾಷೆ ಅದು. ನನ್ನ ಕಣ್ಣು ಇನ್ನೂ ಎರಡು ಮಿಲ್ಲಿ ಇಳಿದರೂ ಪರವಾಗಿಲ್ಲ ಅನ್ನಿಸಿತು.

ಕೂತದ್ದೇನೋ ಕೂತೆ. ಕೈ ಸುಮ್ಮನಿತ್ತು, ಆದರೆ ಬಾಯಿ ಸುಮ್ಮನಿರಬೇಕಲ್ಲ. ಮನಸ್ಸಿನಲ್ಲೇ ಜಪ ಮಾಡುತ್ತೇನೆ ಎಂದುಕೊಂಡೆ. ನನ್ನ ಜಪ ಮನಸ್ಸಿನಲ್ಲೇ ನಿಲ್ಲುವ ಜಾತಿಯದಲ್ಲ, ತುಟಿಗೆ ಬರುತ್ತದೆ. "ಓಂ ನಮಃ ಶಿವಾಯ ಅನ್ನುವಾಗ 'ಮ'ಕ್ಕೆ ತುಟಿ ಮುಚ್ಚುತ್ತೆ, 'ವಾ'ಗೆ ತೆರೆಯುತ್ತೆ. ನಾನು ಯಾವುದನ್ನ ಬರೀಲಿ? ಯಾವುದಾದ್ರೂ ಒಂದು ಅಕ್ಷರದ ಮೇಲೆ ನಿಂತ್ಕೋ ಮಾರಾಯ್ತಿ" ಎಂದು ಬೇಡಿಕೊಂಡರು. ಶಿವನ ಹೆಸರನ್ನು ಅರ್ಧಕ್ಕೆ ನಿಲ್ಲಿಸುವುದು ಹೇಗೆ? ತುಟಿಯನ್ನು ಕೊನೆಗೆ ಬರೆಯುವುದೆಂದು ತೀರ್ಮಾನವಾಯಿತು.

ಹೀಗೆ ಎಲ್ಲಾ ಸುಸೂತ್ರವಾಗಿ ನಡೆಯುತ್ತಿತ್ತು, ಹಸಿರು ಬಣ್ಣ ಬರುವ ತನಕ. ಒಂದು ಬೆಳಗ್ಗೆ ಗಂಟೆ ಮುಗಿದು ಎದ್ದು ಹೋಗಿ ನೋಡುತ್ತೇನೆ, ನನ್ನ ಮುಖ ಹಸಿರಾಗಿದೆ. ಎಲೆ ಹಸಿರಲ್ಲ, ಬೂದಿ ಬೆರೆಸಿದ ಪಾಚಿ ಹಸಿರು. ಚರ್ಮಕ್ಕೆ ಜೀವ ಬರಬೇಕಾದರೆ ಕೆಳಗೆ ಮೊದಲು ಈ ಹಸಿರು ಇರಬೇಕಂತೆ, ಮೇಲೆ ಕೆಂಪು ಹಳದಿ ತೆಳುವಾಗಿ ಹಚ್ಚುತ್ತಾ ಬಂದರೆ ಒಳಗಿನಿಂದ ರಕ್ತ ಹರಿದ ಹಾಗೆ ಕಾಣುತ್ತದಂತೆ. ಇರಲಿ, ನನಗೆ ಹಸಿರಿನ ಮೇಲೆ ಸಿಟ್ಟಿರಲಿಲ್ಲ. ಆದರೆ ಹಣೆ ಬರಿದಾಗಿತ್ತು. ಕುಂಕುಮವಿಲ್ಲ. ಕತ್ತಿನಲ್ಲಿ ತಾಳಿಯಿಲ್ಲ.

"ಕುಂಕುಮ ಎಲ್ರೀ?"

"ಕೆಂಪು, ಚಿನ್ನ ಎಲ್ಲಾ ಕೊನೆಗೆ. ಈಗ ಇದು ಬರೀ ಡೆಡ್ ಲೇಯರ್ರು."

ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಾಲ್ಕು ದಿನ ಕೂತವರಿಗೆ ಆ ಒಂದು ಪದ ಯಾರೂ ಹೇಳಿಕೊಡಬೇಕಾಗಿಲ್ಲ. "ಬಿಡ್ತು ಅನ್ರಿ!" ಎಂದೆ. "ಬಿಡ್ತು" ಅಂದರು, ನನ್ನ ಸಮಾಧಾನಕ್ಕೆ. ಆದರೂ ನನಗೆ ಸಮಾಧಾನವಾಗಲಿಲ್ಲ. ನೀವು ನಕ್ಕರೂ ಪರವಾಗಿಲ್ಲ, ಹೇಳಿಯೇ ಬಿಡುತ್ತೇನೆ. ಹೆಂಡತಿಯ ಹಣೆ ಬರಿದಾಗಿ ಕಂಡರೆ ಅದು ಹೆಂಡತಿಗೆ ಕೆಡುಕಲ್ಲ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡ ಗಂಡ, ತನ್ನ ಕೈಯಾರೆ, ದೇವರ ಮುಂದೆ, ಹೆಂಡತಿಯನ್ನು ಹಾಗೆ ಬರೆದಿಟ್ಟು, ಒಣಗಲಿ ಎಂದು ವಾರಗಟ್ಟಲೆ ಬಿಟ್ಟರೆ, ದಿನಾ ಎರಡು ಹೊತ್ತು ಅಲ್ಲೇ ದೀಪ ಹಚ್ಚುವವಳ ಗತಿ ಏನು? "ಒಂದೇ ಒಂದು ಚುಕ್ಕೆ ಇಡ್ರಿ, ಆಮೇಲೆ ಬೇಕಾದ್ರೆ ಅದರ ಮೇಲೆ ಇನ್ನೊಂದು ಬರೀರಿ" ಎಂದು ಕೇಳಿಕೊಂಡೆ. "ಪ್ರೊಸೆಸ್ ಅಂದ್ರೆ ಪ್ರೊಸೆಸ್ಸು. ತೂತು ಕೊರೆಯೋ ಮುಂಚೆ ಪಾಲಿಶ್ ಮಾಡ್ತಾರಾ?" ಅಂದರು.

ಉರಿಯುವ ಬೆಂಕಿಗೆ ಎಣ್ಣೆ ಹಾಕಿದವಳು ಶಾಂತವ್ವ. ವಿಜಯಪುರದ ಕಡೆಯವಳು, ಗಾರ್ಮೆಂಟ್ಸಿಗೆ ಹೋಗುತ್ತಾಳೆ, ರಜೆಯಿದ್ದಾಗ ಕೆಳಗೆ ಬಂದು ನನ್ನ ಜೊತೆ ಕೂರುತ್ತಾಳೆ. ಬಂದವಳು ಮೊದಲು ಇವರು ಬಣ್ಣ ಕಲಸುವ ಅಗಸೆ ಎಣ್ಣೆಯ ಸೀಸೆ ಎತ್ತಿ ಮೂಸಿ ನೋಡಿದಳು.

"ಇದು ಅಗಸಿ ಎಣ್ಣಿ ಅಲ್ಲೇನ್ರಿ ಅಕ್ಕಾರ? ನಾವು ಅಗಸಿ ಹಿಂಡಿ ರೊಟ್ಟಿಗೆ ಹಚ್ಕೊಂಡು ತಿಂತೀವಿ. ನಿಮ್ಮ ಮನ್ಯಾಗ ಮುಖಕ್ಕ ಬಳ್ಯಾಕತ್ತೀರಲ್ರಿ!" ಎಂದು ನಕ್ಕಳು. ಆಮೇಲೆ ಚಿತ್ರದ ಕಡೆ ತಿರುಗಿದಳು, ನಗು ನಿಂತಿತು. ದನಿ ಇಳಿಸಿ, "ಹಣಿ ಯಾಕ್ರಿ ಬರೇ ಐತಿ?" ಅಂದಳು.

"ಅದು ಕೊನೆಗಂತೆ ಕಣಮ್ಮ."

"ಯಾಕೋ ನೋಡಾಕ ಆಗಂಗಿಲ್ರಿ" ಎಂದು ಬೇರೆ ಕಡೆ ತಿರುಗಿ ಕೂತಳು. ನನ್ನ ಹಾಗೇ ಇನ್ನೊಬ್ಬಳಿಗೂ ಅನ್ನಿಸಿದ ಮೇಲೆ ಅದು ಬರೀ ನನ್ನ ಹುಚ್ಚು ಅನ್ನುವ ಹಾಗಿರಲಿಲ್ಲ.

ಮರುದಿನ ಶುಕ್ರವಾರ. ನನ್ನ ಶುಕ್ರವಾರದ ಪೂಜೆ ಒಂದು ಮೆರವಣಿಗೆ ಇದ್ದ ಹಾಗೆ. ಕುಂಕುಮದ ಬಟ್ಟಲು ಎಡಗೈಯಲ್ಲಿ ಹಿಡಿದು ಹೊರಟರೆ ಹೊಸ್ತಿಲಿಗೆ, ತುಳಸಿಗೆ, ಗ್ಯಾಸ್ ಒಲೆಗೆ, ರುಬ್ಬೋ ಮೆಷಿನ್ನಿಗೆ, ಬೀರುವಿಗೆ, ಇವರ ಸ್ಕೂಟರಿಗೆ ಇಟ್ಟು, ಕೊನೆಗೆ ದೇವರ ಮೂಲೆಗೆ ಬರುತ್ತೇನೆ. ಬೆರಳು ಬಟ್ಟಲಿಗೆ ಹೋಗುತ್ತದೆ, ಎದುರಿಗಿರುವುದಕ್ಕೆ ಹೋಗುತ್ತದೆ. ಬಾಯಲ್ಲಿ ಸ್ತೋತ್ರ ಇರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಆ ದಿನ ಮಂಜುನಾಥಸ್ವಾಮಿಗೆ ಇಟ್ಟೆ, ಲಕ್ಷ್ಮಿಗೆ ಇಟ್ಟೆ, ಸಾಲಿನಲ್ಲಿ ಮುಂದಿದ್ದವಳಿಗೂ ಇಟ್ಟೆ. ಕೈ ತಾನಾಗಿ ಹೋಯಿತು ಎಂದರೆ ನೀವು ನಂಬಬೇಕು. ಇವರು ಇವತ್ತಿಗೂ ನಂಬಿಲ್ಲ.

ಬೆರಳಿಗೆ ತಣ್ಣಗೆ, ಜಿಡ್ಡು ಜಿಡ್ಡಾಗಿ ತಗುಲಿದಾಗ ಕಣ್ಣು ಬಿಟ್ಟೆ. ಹಿಂದಿನ ದಿನವಷ್ಟೇ ಹಚ್ಚಿದ ಬಣ್ಣ, ಪೂರ್ತಿ ಹಸಿ. ಕುಂಕುಮ ಹಣೆಗೆ ಕಚ್ಚಿಕೊಂಡು, ಪುಡಿ ಉದುರಿ ಮೂಗಿನ ಮೇಲೂ ನಿಂತಿತ್ತು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಇವರು ಸ್ನಾನದಿಂದ ಬರುವುದರೊಳಗೆ ಸರಿಮಾಡಿಬಿಡೋಣ ಎಂದು ಸೆರಗಿನ ತುದಿಯಿಂದ ಒರೆಸಿದೆ. ಒಂದು ಸಲ ಒರೆಸಿದರೆ ಕೆಂಪು ಮೂಗಿನ ತುದಿಗೆ ಬಂತು, ಇನ್ನೊಂದು ಸಲ ಒರೆಸಿದರೆ ಕೆನ್ನೆಗೆ ಹರಿಯಿತು. ಬೀದಿ ನಲ್ಲಿಯ ಹತ್ತಿರ ಜಗಳವಾಡಿ ಬಿಂದಿಗೆಯಲ್ಲಿ ಹೊಡೆಸಿಕೊಂಡವಳ ಹಾಗೆ ಆಯಿತು ನನ್ನ ಮುಖ. ಬೆನ್ನ ಹಿಂದೆ ಬಚ್ಚಲು ಬಾಗಿಲು ತೆರೆದ ಸದ್ದಾಯಿತು.

ಇವರು ಬಂದರು, ನೋಡಿದರು. ಸಿಟ್ಟು ಮಾಡ್ಕೋಬೇಡಿ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು. "ರೀ, ಬೈದುಬಿಡ್ರೀ, ಮೆತ್ತಗೆ ಬೈರಿ" ಎಂದೆ. ಬೈಯಲಿಲ್ಲ. ಚಿತ್ರದ ಮೇಲೆ ಹಳೇ ಪಂಚೆ ಹೊದಿಸಿದರು, ಹಾಲಿಗೆ ಹೋಗಿ ಕುರ್ಚಿಯಲ್ಲಿ ಕೂತರು, ಬಲಗೈಯಲ್ಲಿ ಎಡಗೈ ನಾಡಿ ಹಿಡಿದರು. ಬೈದಿದ್ದರೆ ನನಗೆ ಎಷ್ಟು ಹಿತವಾಗುತ್ತಿತ್ತು!

ಭಾನುವಾರ ಕ್ಲಾಸಿಗೆ ಹೋಗಲಿಲ್ಲ. ಮೇಷ್ಟ್ರ ಫೋನು ಬಂದರೆ ತೆಗೆಯಲಿಲ್ಲ. ಊಟಕ್ಕೆ ಕರೆದರೆ ಬಂದು ಊಟ ಮಾಡಿದರು, ಸಾರು ಹೇಗಿದೆ ಅಂದರೆ ಚೆನ್ನಾಗಿದೆ ಅಂದರು. ಆ ದಿನ ಸಾರಿಗೆ ಉಪ್ಪೇ ಹಾಕಿರಲಿಲ್ಲ, ಇದು ನನಗೆ ಆಮೇಲೆ ಗೊತ್ತಾಯಿತು. ಎಷ್ಟು ಬಡಿಯಿತು ಎಂದು ಬಾಯಿಬಿಟ್ಟು ಹೇಳುವುದನ್ನೂ ನಿಲ್ಲಿಸಿದ್ದರು, ಒಳಗೊಳಗೇ ಎಣಿಸುತ್ತಿದ್ದರು. ನಾನು ದೇವರ ಮುಂದೆ ನಿಂತು, "ಕುಂಕುಮ ಇಟ್ಟು ಇವರ ಆಯಸ್ಸು ಕಾಪಾಡೋಣ ಅಂತ ಹೋದೆನೋ, ಇದ್ದ ಜೀವ ತೆಗೆಯೋಕೆ ಹೋದೆನೋ, ನೀನೇ ಹೇಳಪ್ಪ" ಎಂದು ಕೇಳಿದೆ.

ಸೋಮವಾರ ಬೆಳಗ್ಗೆ ನನಗೆ ಒಂದು ಹಟ ಬಂತು. ಒಲೆಯ ಮೇಲೆ ಹಾಲಿಟ್ಟವಳು, ಹಾಗೇ ಬಂದು, ಪಂಚೆ ಹೊದ್ದ ಚಿತ್ರದ ಎದುರು, ಸೀಮೆಸುಣ್ಣದ ಗುರುತಿನೊಳಗಿನ ಸ್ಟೂಲಿನ ಮೇಲೆ ಕೂತೆ. ಯಾರೂ ಕೂರು ಅನ್ನಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಗಲ್ಲ ಕಿಟಕಿಯ ಕಡೆ ತಿರುಗಿಸಿ, ಕೈಯನ್ನು ತೊಡೆಯ ಮೇಲಿಟ್ಟು ಕೂತೆ. ಇವರು ಕುರ್ಚಿಯಿಂದಲೇ ಒಮ್ಮೆ ನೋಡಿ ಗಡಿಯಾರದ ಕಡೆ ತಿರುಗಿದರು. ನಾನು ಕದಲಲಿಲ್ಲ. ಅಡುಗೆಮನೆಯಿಂದ ಹಾಲು ಏರುವ ಸದ್ದು ಬಂತು. ಅಭ್ಯಾಸವಿರುವ ಕಿವಿಗೆ ಅದು ಮಗು ಅಳುವುದಕ್ಕಿಂತ ದೊಡ್ಡದಾಗಿ ಕೇಳುತ್ತದೆ.

"ಹಾಲು ಉಕ್ತಾ ಇದೆ" ಅಂದರು ಕುರ್ಚಿಯಿಂದ.

"ಉಕ್ಕಲಿ."

"ಗಿರಿಜಾ, ಹಾಲು."

"ನಾನು ಎದ್ರೆ ಅಳತೆ ತಪ್ಪುತ್ತೆ."

ಗೃಹಪ್ರವೇಶದ ದಿನ ಬಿಟ್ಟರೆ ಈ ಮನೆಯಲ್ಲಿ ಹಾಲು ಉಕ್ಕಿದ್ದಿಲ್ಲ. ಸುರ್ ಎಂದು ಒಲೆಯ ಮೇಲೆ ಬಿದ್ದು, ಸೀದ ವಾಸನೆ ಮನೆ ತುಂಬಿತು. ಇವರು ಓಡಿಹೋಗಿ ಒಲೆ ಆರಿಸಿದರು. ಹೀಗೆ ನಾಡಿ ಬಿಟ್ಟ ಬಲಗೈ ಇಕ್ಕಳ ಹಿಡಿಯಿತು, ಆಮೇಲೆ ಮಸಿಬಟ್ಟೆ ಹಿಡಿಯಿತು. ಒಲೆ ಒರೆಸಿ ಬಂದು ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಾ ನಿಂತರು. ನಾನು ಕಣ್ಣು ಮಿಟುಕಿಸಲಿಲ್ಲ, ನೀರು ಬಂದರೆ ಬರಲಿ ಎಂದು ಹಾಗೇ ಇದ್ದೆ. ಕೊನೆಗೆ ಪಂಚೆ ಎತ್ತಿದರು.

"ಕೆಟ್ಟ ಪೀಸನ್ನೆಲ್ಲ ಸ್ಕ್ರ್ಯಾಪಿಗೆ ಹಾಕೋ ಹಾಗಿದ್ರೆ ಪೀಣ್ಯದಲ್ಲಿ ಒಂದು ಕಾರ್ಖಾನೆನೂ ಉಳೀತಿರಲಿಲ್ಲ" ಎಂದು, ನನಗೋ ತಮಗೋ, ಹೇಳಿಕೊಂಡರು. "ರೀವರ್ಕ್ ಮಾಡೋಣ."

ಸಣ್ಣ ಬ್ಲೇಡಿನ ಹಾಗಿರುವ ಚಾಕುವಿನಿಂದ ಕೆನ್ನೆ ಕೆರೆದರು, ಮೂಗು ಕೆರೆದರು. ಹಣೆಯ ಕುಂಕುಮ ಮಾತ್ರ ಬಣ್ಣದೊಳಗೇ ಇಳಿದುಬಿಟ್ಟಿತ್ತು, ಕೆರೆದರೆ ಕ್ಯಾನ್ವಾಸ್ ಬಟ್ಟೆಯೇ ಹರಿಯುವ ಹಾಗಿತ್ತು. ಮೇಷ್ಟ್ರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ಮೇಷ್ಟ್ರು, "ಅಯ್ಯಯ್ಯೋ, ಏನ್ರೀ ಇದು!" ಎಂದು ಕೂಗಿದ್ದು ಅಡುಗೆಮನೆವರೆಗೂ ಕೇಳಿತು. ನಡೆದದ್ದು ತಿಳಿದ ಮೇಲೆ, "ಇರಲಿ ಬಿಡಿ. ಆ ಕೆಂಪನ್ನ ಇಟ್ಕೊಂಡೇ ಉಳಿದ ಬಣ್ಣ ಅದಕ್ಕೆ ಹೊಂದಿಸಿ. ಆದ್ರೆ ಕುಂಕುಮದ ಪುಡಿ, ಎಷ್ಟು ವರ್ಷ ಬಣ್ಣ ಉಳಿಸ್ಕೊಳ್ಳುತ್ತೋ ಹೇಳಕ್ಕಾಗಲ್ಲ, ಮಸುಕಾಗಬಹುದು" ಅಂದರು.

"ಮಸುಕಾದ್ರೆ ಚಿಂತೆ ಇಲ್ಲ ಸಾರ್, ಬಟ್ಟಲು ಪಕ್ಕದಲ್ಲೇ ಇದೆ, ನಾನೇ ಇನ್ನೊಂದ್ಸಲ ಇಡ್ತೀನಿ" ಎಂದೆ.

"ಬೇಡ ತಾಯಿ!" ಎಂದು ಇಬ್ಬರೂ ಒಟ್ಟಿಗೇ ಅಂದರು.

ಫೋನಿಟ್ಟ ಮೇಲೆ ಇವರ ಕೈ ಬೀರುವಿಗೆ ಹೋಯಿತು, ಕ್ಯಾಲಿಪರ್ ಬಂತು. ಚಿತ್ರದ ಮೇಲಿನ ಕುಂಕುಮ ಅಳೆದು, "ನೋಡು, ನಡುವಿಗಿಂತ ಎಡಕ್ಕಿದೆ. ಇಡೋದೇ ಇಟ್ಟೆ, ನೆಟ್ಟಗಾದ್ರೂ ಇಡಬಾರದಿತ್ತಾ?" ಅಂದರು. ಆಮೇಲೆ ಏನನ್ನಿಸಿತೋ, ಆ ತಣ್ಣನೆ ಉಕ್ಕನ್ನು ನನ್ನ ಹಣೆಗೆ ಹಿಡಿದರು. ಕನ್ನಡಕ ಏರಿಸಿ ಇನ್ನೊಮ್ಮೆ ಹಿಡಿದರು. ನನ್ನ ಹಣೆಯ ಕುಂಕುಮವೂ ಎಡಕ್ಕೇ ಇತ್ತು, ಅಷ್ಟೇ ಎಡಕ್ಕೆ. ಮದುವೆಯಾದಾಗಿನಿಂದ ನಾನು ಕನ್ನಡಿ ನೋಡದೆ ಕುಂಕುಮ ಇಟ್ಟುಕೊಳ್ಳುವವಳು. ಅಂದರೆ ಇಷ್ಟು ವರ್ಷವೂ ಓರೆಯಾಗಿಯೇ ಇಟ್ಟುಕೊಂಡು, ಹಾಗೆಯೇ ನಾಲ್ಕು ಜನರ ಮದುವೆ ಮುಂಜಿಗೆ ಹೋಗಿ ಬಂದಿದ್ದೇನೆ.

"ಮೂಗು ಅಳೆದ್ರಿ, ಕಿವಿ ಅಳೆದ್ರಿ. ಇದನ್ನ ಅವತ್ತೇ ಅಳೀಲಿಲ್ವಾ?" ಎಂದು ಕೇಳಿದೆ.

"ಕುಂಕುಮ ನಡುವಿಗೇ ಇರುತ್ತೆ ಅಂದ್ಕೊಂಡಿದ್ದೆ ಕಣೆ. ಅಂದ್ಕೊಂಡಿದ್ದನ್ನ ಯಾರು ಅಳೀತಾರೆ?" ಎಂದು, ಹಸಿರು ಮುಖವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, "ಸರಿಯಾಗೇ ಇಟ್ಟಿದೀಯ ಬಿಡು. ಒಂದು ಕಡೆಯಾದ್ರೂ ಅಳತೆ ಕರೆಕ್ಟಾಗಿದೆ" ಅಂದರು. ಕ್ಯಾಲಿಪರನ್ನು ಬೀರುವಿಗೆ ಇಡಲಿಲ್ಲ, ಮೇಜಿನ ಮೇಲೆ ಕುಂಚದ ಪಕ್ಕ ಇಟ್ಟರು. ಅದನ್ನು ನೋಡಿ ನಾನು ಇನ್ನೊಂದು ಲೀಟರ್ ಹಾಲು ತರಲು ಹೋದೆ.

ಅಲ್ಲಿಂದ ಮುಂದೆ ಹಸಿರಿನ ಮೇಲೆ ದಿನಕ್ಕಿಷ್ಟು ಬಣ್ಣ ಏರಿತು. ಹಣೆಯಲ್ಲಿ ಆ ಕೆಂಪು ಇದ್ದುದರಿಂದ ಹಸಿರು ಮುಖವೂ ನನಗೆ ಭಯ ಹುಟ್ಟಿಸಲಿಲ್ಲ. ತಾಳಿ ಬಂತು, ಮೂಗುಬೊಟ್ಟು ಬಂತು, ಕಿವಿಯ ಓಲೆ ಬಂತು. ತುಟಿ ಎಲ್ಲಕ್ಕಿಂತ ಕೊನೆಗೆ. ಚಿತ್ರ ಚೆನ್ನಾಗಿ ಬರುತ್ತಿದೆ ಎಂದು ಬೇರೆಯವರು ಹೇಳಿದಾಗ ನಾನೂ ಹೂಂ ಅಂದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಸ್ವಲ್ಪ ಬೇಜಾರಾಗಿತ್ತು. ಚಿತ್ರ ಎಂದರೆ ನನಗೆ ಗೊತ್ತಿದ್ದದ್ದು ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಲಕ್ಷ್ಮಿ, ಕೆನ್ನೆ ಗುಲಾಬಿ, ಕತ್ತಿನಲ್ಲಿ ಗೆರೆಯಿಲ್ಲ. ಇವರು ಕಣ್ಣ ಕೆಳಗಿನ ಕಪ್ಪು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ, ಒಗ್ಗರಣೆ ಸಿಡಿದ ಗುರುತು, ಒಂದನ್ನೂ ಬಿಟ್ಟಿರಲಿಲ್ಲ. "ಇಷ್ಟು ವಯಸ್ಸಾಗಿದೆಯಾ ನನಗೆ?" ಎಂದರೆ "ಅಳೆದೇ ಬರೆದಿದ್ದೀನಿ" ಅಂದರು. ಶಾಂತವ್ವ ಬೇರೆ ಬಂದು, "ಥೇಟ್ ನೀವಽ ಅದೀರಿ ಅಕ್ಕಾರ!" ಎಂದು ಚಪ್ಪಾಳೆ ತಟ್ಟಿದಳು. ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆಮೇಲೆ ಯೋಚನೆ ಮಾಡಿದೆ. ಆ ಒಗ್ಗರಣೆ ಗುರುತು ನನ್ನ ಮುಖದಲ್ಲಿ ಇದೆ ಎಂದು ನನಗೇ ಮರೆತುಹೋಗಿತ್ತು. ಒಬ್ಬ ಗಂಡಸು ದಿನಾ ಒಂದು ಗಂಟೆ ಹೆಂಡತಿಯ ಮುಖ ನೋಡಿ ಅದನ್ನು ಕಂಡುಕೊಂಡಿದ್ದಾನೆ. ಇದನ್ನೂ ಲೆಕ್ಕಕ್ಕೆ ಸೇರಿಸಿ ಒಂದು ದೀಪ ಹಚ್ಚಿದೆ.

ಯುಗಾದಿಯ ದಿನ ಮೇಷ್ಟ್ರನ್ನು ಊಟಕ್ಕೆ ಕರೆದಿದ್ದೆವು. ಚಿತ್ರ ಹಾಲಿನ ಗೋಡೆಯಲ್ಲಿ, ಇವರ ಕುರ್ಚಿಯ ಎದುರಿಗೆ, ಗಡಿಯಾರವನ್ನು ಪಕ್ಕಕ್ಕೆ ಸರಿಸಿ ಅದೇ ಮೊಳೆಗೆ ತೂಗುಹಾಕಿದ್ದೆವು. ಮೇಷ್ಟ್ರು ಹಿಂದೆ ಕೈ ಕಟ್ಟಿ, ಹತ್ತಿರ ಹೋಗಿ ನೋಡಿದರು, ದೂರ ಬಂದು ನೋಡಿದರು. ಇವರು ಪರೀಕ್ಷೆ ಬರೆದ ಹುಡುಗನ ಹಾಗೆ ಪಕ್ಕದಲ್ಲಿ ನಿಂತಿದ್ದರು. ಕೈ ಎರಡೂ ಸೊಂಟದ ಮೇಲಿತ್ತು, ನಾನು ಅದನ್ನೇ ನೋಡುತ್ತಿದ್ದೆ.

"ಅಮ್ಮಾ," ಅಂದರು ಮೇಷ್ಟ್ರು, "ನಿಮ್ಮವರು ನನ್ನ ಮರ್ಯಾದೆ ಉಳಿಸಿದ್ರು. ಅದರಲ್ಲೂ ಆ ತುಟಿ! ಎಂಥಾ ಭಕ್ತಿ ನೋಡಿ. ಮಂತ್ರ ಹೇಳ್ತಾ ಹೇಳ್ತಾ 'ಮ'ಕಾರದ ಮೇಲೆ ನಿಂತ ಹಾಗಿದೆ. ಇಷ್ಟು ಧ್ಯಾನ ಎಲ್ಲರಿಗೂ ಬರೋದಿಲ್ಲ."

"ಹೌದ್ರಿ, ಶಿವಧ್ಯಾನದಾಗ ಕುಂತಂಗ ಐತಿ" ಎಂದು ಎಲೆ ಹಾಕುತ್ತಿದ್ದ ಶಾಂತವ್ವ ಕೈಮುಗಿದಳು.

ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ತುಟಿ ಬರೆದ ಬೆಳಗ್ಗೆ ಒಲೆಯ ಮೇಲೆ ಕುಕ್ಕರಿನಲ್ಲಿ ತೊಗರಿಬೇಳೆ ಇಟ್ಟು ಬಂದು ಕೂತಿದ್ದೆ. ನಮ್ಮ ಕುಕ್ಕರಿಗೆ ಮೂರೇ ಕೂಗು, ನಾಲ್ಕನೆಯದಕ್ಕೆ ಬೇಳೆ ಕರಗಿ ನೀರಾಗುತ್ತದೆ. ಶಿವನನ್ನು ಅಂದು ಬೆಳಗ್ಗೆಯೇ ಬಿಟ್ಟುಬಿಟ್ಟಿದ್ದೆ. ಒಂದು ಎಂದೆ, ಎರಡು ಎಂದೆ, ಮೂರು ಅನ್ನಲು ತುಟಿ ಮುಚ್ಚಿದಾಗ ಇವರು "ಹಾಂ, ಹಾಗೇ ಇರು!" ಎಂದು ಕೂಗಿದರು. ಹಾಗೇ ಇದ್ದೆ, ಯಾಕೆಂದರೆ ಹಾಲು ಉಕ್ಕಿದ ಮೇಲೆ ಬೇಳೆ ನನಗೆ ದೊಡ್ಡದಲ್ಲ. ಆ ದಿನದ ಸಾರು ನೀರಾಗಿತ್ತು ಅನ್ನುವುದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಅದು ಮಂತ್ರ ಅಲ್ಲ ಸಾರ್, ಅವತ್ತು ಇವಳು..." ಎಂದು ಇವರು ಶುರುಮಾಡಿದರು.

"ರೀ, ಮೇಷ್ಟ್ರು ಹಸಿದಿದ್ದಾರೆ" ಎಂದೆ. ಅಷ್ಟರಲ್ಲಿ ಒಳಗಿನಿಂದ ಕುಕ್ಕರ್ ಕೂಗಿತು. ಇವರು ಬಾಯಿಮುಚ್ಚಿ, ಒಂದು ಬೆರಳೆತ್ತಿ ನನಗೆ ಲೆಕ್ಕ ತೋರಿಸಿದರು. ನಾನು ಸೆರಗು ಸಿಕ್ಕಿಸಿಕೊಂಡು, ಒಬ್ಬಟ್ಟು ಬೇಯಿಸಲು ಹೆಂಚು ಕಾಯಿಸುವುದಕ್ಕೆ ಒಳಗೆ ಹೋದೆ.